ಸಂತೆ ದಿನದ ತಾಯಂದಿರ ಕೂಟ

ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ರಾಜ್ಯದ ನಡುಭಾಗದಲ್ಲಿ ಅರ್ಧಚಂದ್ರದಂತೆ ಬಾಗಿರುವ ಕಪ್ಪು ಮಣ್ಣಿನ ಪಟ್ಟಿಯೊಂದಿದೆ. ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಳ್ಳುವ, ಬಿಸಿಲೇರಿದರೆ ಬಾಯ್ತೆರೆದು ಬಿರಿಯುವ ಮಣ್ಣು ಅದು. ಗದಗ, ನವಲಗುಂದದ ಕಡೆಯ ರೈತನೊಬ್ಬನನ್ನು ಕರೆದೊಯ್ದು ಅಲ್ಲಿ ನಿಲ್ಲಿಸಿದರೆ ‘ಇದು ನಮ್ಮ ಎರಿ ಹೊಲ ಇದ್ದಂಗ ಐತಲ್ಲ’ ಎಂದಾನು. ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರಲ್ಲಿದ್ದ ಸೂಕ್ಷ್ಮ ಜೀವಿಗಳ ಚಿಪ್ಪುಗಳು ತಳದಲ್ಲಿ ಪದರ ಪದರವಾಗಿ ಕೂತು ಸೀಮೆಸುಣ್ಣದ ಕಲ್ಲಾದವು. ಸಮುದ್ರ ಹಿಂದೆ ಸರಿದ ಮೇಲೆ ಆ ಕಲ್ಲಿನ ಮೇಲೆ ಈ ಫಲವತ್ತಾದ ಮಣ್ಣು ಹುಟ್ಟಿತು.

ಇಂಥ ಮಣ್ಣಿನಲ್ಲಿ ಏನು ಚೆನ್ನಾಗಿ ಬೆಳೆಯುತ್ತದೆಂದು ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಹತ್ತಿ! ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಿಳಿಯ ಜಮೀನುದಾರರು ಇಲ್ಲಿಗೆ ನುಗ್ಗಿದರು. ಹತ್ತಿ ಬಿಡಿಸಲು ಆಫ್ರಿಕನ್ ಮೂಲದ ಗುಲಾಮರನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ತಂದರು. ಮಣ್ಣಿನ ಬಣ್ಣದಿಂದ ‘ಬ್ಲ್ಯಾಕ್ ಬೆಲ್ಟ್’ ಎಂಬ ಹೆಸರು ಪಡೆದ ಈ ನಾಡು, ಕ್ರಮೇಣ ಅಲ್ಲಿ ದುಡಿದ ಜನರ ಬಣ್ಣದಿಂದಲೂ ಅದೇ ಹೆಸರಿಗೆ ಪಾತ್ರವಾಯಿತು.

ಈ ಪಟ್ಟಿಯ ಅಂಚಿನಲ್ಲಿ ರಾಜ್ಯದ ರಾಜಧಾನಿ ಮಾಂಟ್‌ಗೊಮರಿ ಇದೆ. ಅಲ್ಲಿಂದ ಪೂರ್ವಕ್ಕೆ ಅರವತ್ತು ಚಿಲ್ಲರೆ ಕಿಲೋಮೀಟರು ಹೋದರೆ ಟಸ್ಕೀಗಿ ಎಂಬ ಪುಟ್ಟ ಊರು. ಕಾರಿನಲ್ಲಿ ಒಂದು ಗಂಟೆಯೂ ಹಿಡಿಯದ ದಾರಿ. ಈ ಎರಡು ಊರುಗಳ ನಡುವೆ ಸುತ್ತಾಡಿದವರಿಗೆ, ಬಸುರಿಯರು, ಬಾಣಂತಿಯರು, ಎಳೆಯ ಮಕ್ಕಳ ತಾಯಂದಿರು ಒಂದೆಡೆ ಸೇರುವ ‘ಕೂಟ’ವೆಂಬುದು ಕಪ್ಪು ಜನಾಂಗಕ್ಕೆ ಏಕೆ ಜೀವನ್ಮರಣದ ವಿಷಯವಾಯಿತು ಎಂಬುದು ತಿಳಿಯುತ್ತದೆ.

ಡೆಕ್ಸ್ಟರ್ ರಸ್ತೆ

ಮಾಂಟ್‌ಗೊಮರಿ ಅಲಬಾಮಾ ನದಿಯ ದಂಡೆಯ ಊರು. ಜನಸಂಖ್ಯೆ ಸುಮಾರು ಎರಡು ಲಕ್ಷ. ಊರ ನಡುವಿನ ಕೋರ್ಟ್ ಚೌಕದಲ್ಲಿ ಹಳೆಯ ಕಾರಂಜಿಯೊಂದಿದೆ. ಒಂದು ಕಾಲದಲ್ಲಿ ಇಲ್ಲಿ ಗುಲಾಮರ ಹರಾಜು ನಡೆಯುತ್ತಿತ್ತು. ಅದೇ ಚೌಕದಲ್ಲಿ 1955ರ ಡಿಸೆಂಬರ್ 1ರ ಸಂಜೆ ರೋಸಾ ಪಾರ್ಕ್ಸ್ ಎಂಬ ಹೊಲಿಗೆ ಕೆಲಸದ ಹೆಣ್ಣುಮಗಳು ಬಸ್ಸು ಹತ್ತಿದರು. ಬಿಳಿಯ ಪ್ರಯಾಣಿಕನಿಗೆ ಸೀಟು ಬಿಟ್ಟುಕೊಡಲು ನಿರಾಕರಿಸಿ ಬಂಧನಕ್ಕೊಳಗಾದರು. ಆನಂತರ ಊರಿನ ಕಪ್ಪು ಜನ 381 ದಿನ ಬಸ್ಸು ಹತ್ತದೆ ನಡೆದೇ ಓಡಾಡಿ ಗೆದ್ದ ಕಥೆಯನ್ನು ಶಾಲಾ ಮಕ್ಕಳೂ ಬಲ್ಲರು.

ಚೌಕದಿಂದ ಡೆಕ್ಸ್ಟರ್ ರಸ್ತೆ ಹಿಡಿದು ಏರುತ್ತ ಹೋದರೆ ಮಾರ್ಟಿನ್ ಲೂಥರ್ ಕಿಂಗ್ ಪಾದ್ರಿಯಾಗಿದ್ದ ಕೆಂಪು ಇಟ್ಟಿಗೆಯ ಚರ್ಚು ಸಿಗುತ್ತದೆ. ಅದರ ಮುಂದೆ, ದಿಬ್ಬದ ಮೇಲೆ, ಬಿಳಿ ಗುಮ್ಮಟದ ಶಾಸಕಾಂಗ ಭವನ. ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದೇ ಬೇರೆಯಾದ ದಕ್ಷಿಣದ ರಾಜ್ಯಗಳ ಅಧ್ಯಕ್ಷ ಜೆಫರ್ಸನ್ ಡೇವಿಸ್ 1861ರಲ್ಲಿ ಪ್ರಮಾಣವಚನ ಸ್ವೀಕರಿಸಿದ್ದು ಇಲ್ಲೇ. ಈ ಭವನದ ಅಂಗಳದಲ್ಲಿ 1939ರಲ್ಲಿ ವೈದ್ಯನೊಬ್ಬನ ಕಂಚಿನ ಪ್ರತಿಮೆಯನ್ನು ನಿಲ್ಲಿಸಲಾಯಿತು. ಆತನ ಹೆಸರು ಜೇಮ್ಸ್ ಮ್ಯಾರಿಯನ್ ಸಿಮ್ಸ್. ‘ಆಧುನಿಕ ಸ್ತ್ರೀರೋಗ ವಿಜ್ಞಾನದ ಪಿತಾಮಹ’ ಎಂದು ಬಹುಕಾಲ ಹೊಗಳಿಸಿಕೊಂಡ ವ್ಯಕ್ತಿ.

ಅದೇ ಊರಿನ ಮಿಲ್‌ಡ್ರೆಡ್ ಬೀದಿಯಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಬೇರೊಂದು ಸ್ಮಾರಕ ತಲೆಯೆತ್ತಿತು. ಅದರ ಹೆಸರು ‘ಸ್ತ್ರೀರೋಗ ವಿಜ್ಞಾನದ ತಾಯಂದಿರು’. ಪಿತಾಮಹನಿದ್ದ ಊರಿನಲ್ಲಿ ತಾಯಂದಿರು ಯಾರು ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ.

ಮೂವರು ತಾಯಂದಿರು

ಹೆರಿಗೆ ನೋವು ದಿನಗಟ್ಟಲೆ ಮುಂದುವರಿದು ಮಗು ಹೊರಬರದೆ ಸಿಕ್ಕಿಕೊಂಡರೆ, ಮಗುವಿನ ತಲೆ ತಾಯಿಯ ಮೂತ್ರಕೋಶವನ್ನು ಮೂಳೆಗೆ ಒತ್ತಿ ಹಿಡಿಯುತ್ತದೆ. ಒತ್ತಿದ ಜಾಗಕ್ಕೆ ರಕ್ತ ಹರಿಯದೆ ಅಲ್ಲಿಯ ಅಂಗಾಂಶ ಸತ್ತು ರಂಧ್ರವಾಗುತ್ತದೆ. ಆಮೇಲೆ ಜೀವಮಾನವಿಡೀ ಮೂತ್ರ ಸೋರುತ್ತಲೇ ಇರುತ್ತದೆ. ಇದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಸಕಾಲದಲ್ಲಿ ಸಿಸೇರಿಯನ್ ಮಾಡುವ ಸೌಲಭ್ಯವಿರುವ ಕಡೆ ಈ ಕಾಯಿಲೆ ಈಗ ಅಪರೂಪ. ಆದರೆ 1840ರ ದಶಕದಲ್ಲಿ ಇದಕ್ಕೆ ಮದ್ದೇ ಇರಲಿಲ್ಲ.

ಅನಾರ್ಕಾ ಎಂಬ ಹದಿನೇಳರ ಗುಲಾಮ ಹುಡುಗಿ ಮೂರು ದಿನ ನೋವು ತಿಂದು ಈ ಸ್ಥಿತಿಗೆ ಬಂದಿದ್ದಳು. ಲೂಸಿ, ಬೆಟ್ಸಿ ಎಂಬ ಇನ್ನಿಬ್ಬರದೂ ಅದೇ ಪಾಡು. ಸಿಮ್ಸ್ ತನ್ನ ಮನೆಯ ಹಿತ್ತಲಿನ ಆಸ್ಪತ್ರೆಯಲ್ಲಿ ಇವರನ್ನೂ, ಹೆಸರೇ ದಾಖಲಾಗದ ಇನ್ನೂ ಕೆಲವು ಗುಲಾಮ ಹೆಂಗಸರನ್ನೂ ಇರಿಸಿಕೊಂಡು 1845ರಿಂದ 1849ರವರೆಗೆ ಶಸ್ತ್ರಚಿಕಿತ್ಸೆಯ ಪ್ರಯೋಗ ನಡೆಸಿದ. ಅನಾರ್ಕಾ ಒಬ್ಬಳಿಗೇ ಸುಮಾರು ಮೂವತ್ತು ಬಾರಿ ಶಸ್ತ್ರಚಿಕಿತ್ಸೆ ನಡೆಯಿತು. ಅರಿವಳಿಕೆ ಕೊಡಲಿಲ್ಲ. ಈಥರ್‌ನಿಂದ ನೋವು ಮರೆಸಬಹುದೆಂದು ಬಾಸ್ಟನ್ ನಗರದಲ್ಲಿ 1846ರಲ್ಲೇ ಬಹಿರಂಗವಾಗಿ ತೋರಿಸಿದ್ದರೂ ಇವರಿಗೆ ಅದು ದಕ್ಕಲಿಲ್ಲ. ಒಪ್ಪಿಗೆಯ ಮಾತಂತೂ ದೂರ. ಗುಲಾಮರ ಪರವಾಗಿ ‘ಹೂಂ’ ಅನ್ನುವವನು ಅವರ ಒಡೆಯ!

ಕಡೆಗೆ ರೇಷ್ಮೆ ದಾರದ ಬದಲು ಬೆಳ್ಳಿ ತಂತಿಯ ಹೊಲಿಗೆ ಹಾಕಿದಾಗ ಗಾಯ ಕೂಡಿತು. ಸಿಮ್ಸ್ ಆಮೇಲೆ ನ್ಯೂಯಾರ್ಕಿಗೆ ಹೋಗಿ 1855ರಲ್ಲಿ ಹೆಂಗಸರ ಆಸ್ಪತ್ರೆ ತೆರೆದು ವಿಶ್ವಪ್ರಸಿದ್ಧನಾದ. ಆ ವಿದ್ಯೆಯಿಂದ ಆಮೇಲೆ ಎಷ್ಟೋ ಹೆಂಗಸರು ಗುಣ ಹೊಂದಿದರು ಎಂಬುದು ನಿಜ. ಆದರೆ ಯಾರ ಮೈಮೇಲೆ ಆ ವಿದ್ಯೆ ಕಲಿಯಲಾಯಿತೋ ಅವರ ನೋವನ್ನು ಯಾರೂ ಕೇಳಲಿಲ್ಲ ಎಂಬುದೂ ಅಷ್ಟೇ ನಿಜ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದ್ದ ಸಿಮ್ಸ್ ಪ್ರತಿಮೆಯನ್ನು 2018ರ ಏಪ್ರಿಲ್‌ನಲ್ಲಿ ತೆರವುಗೊಳಿಸಲಾಯಿತು.

ಮಾಂಟ್‌ಗೊಮರಿಯ ಕಲಾವಿದೆ ಮಿಷೆಲ್ ಬ್ರೌಡರ್ ಕಲಾಶಾಲೆಯಲ್ಲಿ ಓದುವಾಗ ಒಂದು ಚಿತ್ರ ನೋಡಿದ್ದರು. ಕೋಟು ತೊಟ್ಟ ವೈದ್ಯರು ನಿಂತಿರುವುದು, ಮೇಜಿನ ಮೇಲೆ ಕಪ್ಪು ಹುಡುಗಿಯೊಬ್ಬಳು ಅಂಜುತ್ತ ಕುಳಿತಿರುವುದು ಆ ಚಿತ್ರದಲ್ಲಿತ್ತು. ಅದು ಅವರ ಮನಸ್ಸಿನಿಂದ ಮಾಸಲೇ ಇಲ್ಲ. ಬಹಳ ವರ್ಷಗಳ ಮೇಲೆ ಅವರು ಬಿಸಾಡಿದ ಕಬ್ಬಿಣದ ತುಂಡು, ಹಳೆಯ ಉಪಕರಣಗಳನ್ನೆಲ್ಲ ಬೆಸೆದು ಅನಾರ್ಕಾ, ಲೂಸಿ, ಬೆಟ್ಸಿಯರ ಪ್ರತಿಮೆಗಳನ್ನು ನಿರ್ಮಿಸಿದರು. ಎಲ್ಲಕ್ಕಿಂತ ಎತ್ತರದ ಪ್ರತಿಮೆ ಹದಿನೈದು ಅಡಿಯ ಸಮೀಪವಿದೆ. ಬಿಸಾಡಿದ ವಸ್ತುಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸ್ಪಷ್ಟ: ಆ ಮೂವರನ್ನೂ ಇತಿಹಾಸ ಹಾಗೆಯೇ ಬಿಸಾಡಿತ್ತು.

ಪ್ರತಿಮೆ ನಿಲ್ಲಿಸಿದರೆ ಕೆಲಸ ಮುಗಿಯಿತೆಂದು ಬ್ರೌಡರ್ ಭಾವಿಸಲಿಲ್ಲ. ಮರುವರ್ಷ, ಅಂದರೆ 2022ರ ಫೆಬ್ರವರಿ ಕೊನೆಯಲ್ಲಿ, ವೈದ್ಯರು, ಸೂಲಗಿತ್ತಿಯರು, ವೈದ್ಯ ವಿದ್ಯಾರ್ಥಿಗಳು, ತಾಯಂದಿರು ಒಟ್ಟಿಗೆ ಕೂತು ಮಾತಾಡುವ ಸಮಾವೇಶವನ್ನು ಊರಿನಲ್ಲಿ ಏರ್ಪಡಿಸಿದರು. ಸಿಮ್ಸ್‌ನ ಆಸ್ಪತ್ರೆಯಿದ್ದ ಜಾಗವನ್ನು ಕೊಂಡು, ಅಲ್ಲಿ ತಾಯಂದಿರ ಆರೋಗ್ಯಕ್ಕೆ ಮೀಸಲಾದ ಕೇಂದ್ರವನ್ನು ಮಾಡುವ ಕೆಲಸಕ್ಕೂ ಕೈಹಾಕಿದರು.

ಆರು ಜನರಿಂದ ಮೊದಲು

ಇನ್ನು ಟಸ್ಕೀಗಿ. ಈ ಊರಿನ ಹೆಸರು ಹೇಳಿದೊಡನೆ ವಿಜ್ಞಾನದ ವಿದ್ಯಾರ್ಥಿಗಳಿಗೆ ನೆನಪಾಗುವವರು ಜಾರ್ಜ್ ವಾಷಿಂಗ್ಟನ್ ಕಾರ್ವರ್. ಕಡಲೆಕಾಯಿಯಿಂದ ನೂರಾರು ಪದಾರ್ಥಗಳನ್ನು ಮಾಡಬಹುದೆಂದು ತೋರಿಸಿದ ಕೃಷಿ ವಿಜ್ಞಾನಿ. ಅವರನ್ನು 1896ರಲ್ಲಿ ಇಲ್ಲಿಗೆ ಕರೆಸಿದವರು ಬುಕರ್ ಟಿ. ವಾಷಿಂಗ್ಟನ್. ಗುಲಾಮನಾಗಿ ಹುಟ್ಟಿ, 1881ರಲ್ಲಿ ಕಪ್ಪು ವಿದ್ಯಾರ್ಥಿಗಳಿಗಾಗಿ ಆರಂಭವಾದ ಇಲ್ಲಿಯ ವಿದ್ಯಾಸಂಸ್ಥೆಯನ್ನು ಕಟ್ಟಿ ಬೆಳೆಸಿದ ಶಿಕ್ಷಕ. ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿ 1903ರಲ್ಲೇ ತಮ್ಮ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯಲ್ಲಿ ಇವರ ಬಗ್ಗೆ ಬರೆದಿದ್ದರು. ಸಂಸ್ಥೆಯ ಕಟ್ಟಡಗಳಿಗೆ ಬೇಕಾದ ಇಟ್ಟಿಗೆಗಳನ್ನು ವಿದ್ಯಾರ್ಥಿಗಳೇ ಸುಟ್ಟರು, ಗೋಡೆಗಳನ್ನು ಅವರೇ ಕಟ್ಟಿದರು. ಆ ಕೆಂಪು ಕಟ್ಟಡಗಳನ್ನು ಇಂದಿಗೂ ನೋಡಬಹುದು.

ಆದರೆ ಬುಕರ್ ವಾಷಿಂಗ್ಟನ್ನರ ಪತ್ನಿ ಮಾರ್ಗರೆಟ್ ಮರ್ರಿ ವಾಷಿಂಗ್ಟನ್ ಮಾಡಿದ ಕೆಲಸ ಅಷ್ಟು ಪ್ರಚಾರಕ್ಕೆ ಬರಲಿಲ್ಲ. 1892ರಲ್ಲಿ ಟಸ್ಕೀಗಿಯಲ್ಲಿ ಕಪ್ಪು ರೈತರ ಮೊದಲ ಸಮ್ಮೇಳನ ನಡೆಯಿತು. ಅಲ್ಲಿ ಹೆಂಗಸರ ಕಷ್ಟಸುಖಕ್ಕೆ ಜಾಗವಿಲ್ಲದ್ದನ್ನು ಮಾರ್ಗರೆಟ್ ಗಮನಿಸಿದರು. ಶನಿವಾರ ಸಂತೆಯ ದಿನ. ಸುತ್ತಣ ಹತ್ತಿ ತೋಟಗಳಿಂದ ಹೆಂಗಸರು ಊರಿಗೆ ಬಂದು, ಸಾಮಾನು ಕೊಂಡು, ಬೀದಿ ಬದಿಯಲ್ಲಿ ಹೊತ್ತು ಕಳೆದು ಹಿಂದಿರುಗುತ್ತಿದ್ದರು. ಮಾರ್ಗರೆಟ್ ದಿನಸಿ ಅಂಗಡಿಯೊಂದರ ಮಹಡಿಯ ಕೋಣೆಯನ್ನು ಕೇಳಿ ಪಡೆದರು. ಹೆಂಗಸರು ಕಂಡಲ್ಲೆಲ್ಲ ಹೇಳಿ ಬಾ ಎಂದು ಒಬ್ಬ ಹುಡುಗನನ್ನು ಬೀದಿಗೆ ಅಟ್ಟಿದರು. ಮೊದಲ ದಿನ ಬಂದವರು ಆರು ಜನ.

ಅಲ್ಲಿ ಭಾಷಣಕ್ಕಿಂತ ಮಾತುಕತೆ ಹೆಚ್ಚು. ಮಗುವಿಗೆ ಸ್ನಾನ ಹೇಗೆ, ಹಸಿ ಬಾಣಂತಿಗೆ ಏನು ಊಟ, ಒಂದೇ ಕೋಣೆಯ ಗುಡಿಸಲನ್ನು ಚೊಕ್ಕಟವಾಗಿ ಇಡುವುದು ಹೇಗೆ, ಕೂಲಿಯಲ್ಲಿ ನಾಲ್ಕು ಕಾಸು ಉಳಿಸಿ ತುಂಡು ಜಮೀನು ಕೊಳ್ಳುವುದು ಹೇಗೆ ಎಂಬಂಥ ವಿಷಯಗಳು. ಬರುವವರ ಸಂಖ್ಯೆ ವಾರವಾರಕ್ಕೆ ಏರಿತು. ಮೈಲಿಗಟ್ಟಲೆ ನಡೆದು ಬರುವ ತಾಯಂದಿರಾದರು. ಕೆಲವು ವರ್ಷಗಳಲ್ಲಿ ಸಂಖ್ಯೆ ಮುನ್ನೂರರ ಹತ್ತಿರ ಬಂತು. ಸಂತೆಗೆ ಬಂದ ಹೆಣ್ಣುಮಗಳು ಉಪ್ಪು, ಎಣ್ಣೆಯ ಜೊತೆಗೆ ಮಗುವನ್ನು ಉಳಿಸಿಕೊಳ್ಳುವ ತಿಳಿವಳಿಕೆಯನ್ನೂ ಕಟ್ಟಿಕೊಂಡು ಹೋಗುವಂತಾಯಿತು.

ಈ ಕೆಲಸ ಮುಂದೆ ಇನ್ನಷ್ಟು ಹರಡಿತು. ಬುಕರ್ ವಾಷಿಂಗ್ಟನ್ ತಾವು ತೀರಿಕೊಂಡ 1915ರ ವರ್ಷದಲ್ಲೇ ‘ರಾಷ್ಟ್ರೀಯ ನೀಗ್ರೋ ಆರೋಗ್ಯ ಸಪ್ತಾಹ’ವನ್ನು ಆರಂಭಿಸಿದ್ದರು. ನೀಗ್ರೋ ಎಂಬುದು ಅಂದಿನ ಬಳಕೆಯ ಮಾತು. ಪ್ರತಿ ವರ್ಷ ವಸಂತದಲ್ಲಿ ಒಂದು ವಾರ ದೇಶದ ಕಪ್ಪು ಜನರ ಚರ್ಚು, ಶಾಲೆ, ಮಹಿಳಾ ಸಂಘಗಳೆಲ್ಲ ಸೇರಿ ಓಣಿ ಗುಡಿಸುವುದು, ಬಾವಿ ಶುಚಿ ಮಾಡುವುದು, ಶಿಶುಗಳ ತೂಕ ನೋಡುವುದು, ಆರೋಗ್ಯ ಭಾಷಣಗಳನ್ನು ನಡೆಸುವುದು ಈ ಸಪ್ತಾಹದ ಕ್ರಮ. 1950ರ ದಶಕದ ಆರಂಭದವರೆಗೂ ಇದು ನಡೆಯಿತು. ಹೆರಿಗೆ ಮಾಡಿಸುವ ಕಪ್ಪು ನರ್ಸುಗಳಿಗೆಂದು ಟಸ್ಕೀಗಿಯಲ್ಲಿ 1941ರಲ್ಲಿ ಶಾಲೆಯೂ ತೆರೆಯಿತು. ಆದರೆ 1946ರಲ್ಲಿ ಅದು ಮುಚ್ಚಿತು.

ಒಡೆದ ನಂಬಿಕೆ

ವಿಪರ್ಯಾಸವೆಂದರೆ, ಆರೋಗ್ಯದ ಪಾಠ ಹೊರಟ ಈ ಊರಿಗೇ ಕಳಂಕವೊಂದು ಅಂಟಿಕೊಂಡಿತು. ಅಮೆರಿಕದ ಸರಕಾರದ ಸಾರ್ವಜನಿಕ ಆರೋಗ್ಯ ಇಲಾಖೆ 1932ರಲ್ಲಿ ಟಸ್ಕೀಗಿ ಸುತ್ತಮುತ್ತಲಿನ 600 ಕಪ್ಪು ಗಂಡಸರನ್ನು ಆರಿಸಿ ಒಂದು ‘ಅಧ್ಯಯನ’ ಶುರುಮಾಡಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ರೋಗವಿತ್ತು. ‘ನಿಮ್ಮ ರಕ್ತ ಕೆಟ್ಟಿದೆ’ ಎಂದಷ್ಟೇ ಅವರಿಗೆ ಹೇಳಲಾಯಿತು. ಚಿಕಿತ್ಸೆ ಕೊಡದೆ ಬಿಟ್ಟರೆ ರೋಗ ಹೇಗೆ ಮುಂದುವರಿಯುತ್ತದೆ ಎಂದು ನೋಡುವುದೇ ಅಧ್ಯಯನದ ಉದ್ದೇಶ! 1940ರ ದಶಕದಲ್ಲಿ ಪೆನಿಸಿಲಿನ್ ಎಲ್ಲರಿಗೂ ಸಿಗುವಂತಾದ ಮೇಲೂ ಅವರಿಗೆ ಕೊಡಲಿಲ್ಲ. ರೋಗ ಅವರ ಹೆಂಡಂದಿರಿಗೆ ಅಂಟಿತು, ಹುಟ್ಟಿದ ಮಕ್ಕಳಿಗೂ ಬಂತು. ಪತ್ರಿಕೆಗಳಲ್ಲಿ ಸುದ್ದಿ ಸ್ಫೋಟಗೊಂಡು 1972ರಲ್ಲಿ ಅಧ್ಯಯನ ನಿಂತಾಗ ನಲವತ್ತು ವರ್ಷ ಕಳೆದಿತ್ತು. ಅಧ್ಯಕ್ಷ ಕ್ಲಿಂಟನ್ ದೇಶದ ಪರವಾಗಿ ಕ್ಷಮೆ ಕೇಳಿದ್ದು 1997ರಲ್ಲಿ.

ಸುಟ್ಟ ಗಾಯ ಮಾಗಿದರೂ ಕಲೆ ಉಳಿಯುತ್ತದೆ. ಬಿಳಿ ಕೋಟು ಕಂಡರೆ ಹಿಂಜರಿಯುವ ಸ್ವಭಾವ ಈ ಭಾಗದ ಹಿರಿಯರಲ್ಲಿ ಏಕೆ ಉಳಿಯಿತು ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಅವರು ನಂಬಿದ್ದು ತಮ್ಮೂರಿನ ಸೂಲಗಿತ್ತಿಯರನ್ನು. ರಾಜ್ಯದ ಪಶ್ಚಿಮದ ಗ್ರೀನ್ ಕೌಂಟಿಯ ಯೂಟಾ ಎಂಬಲ್ಲಿ ಮಾರ್ಗರೆಟ್ ಚಾರ್ಲ್ಸ್ ಸ್ಮಿತ್ ಎಂಬ ಅಜ್ಜಿ ಇದ್ದರು. ಹುಟ್ಟಿದ್ದು 1906ರಲ್ಲಿ. ಹೊಲಗೆಲಸ ಮಾಡುತ್ತಲೇ, ಕೆಸರು ದಾರಿಗಳಲ್ಲಿ ನಡೆದು ಹೋಗಿ, ಮೂರು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರು. ಕೊಡಲು ಹಣವಿಲ್ಲದ ಮನೆಗಳೇ ಹೆಚ್ಚು. ಪಾವಗಡ ತಾಲೂಕಿನಲ್ಲಿ ಸಾವಿರಾರು ಹೆರಿಗೆಗಳನ್ನು ಉಚಿತವಾಗಿ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮನವರನ್ನು ಬಲ್ಲ ಓದುಗರಿಗೆ ಈ ಅಜ್ಜಿ ಅಪರಿಚಿತರೆನಿಸಲಾರರು. ಅಲಬಾಮಾ ಸರಕಾರ 1976ರಲ್ಲಿ ಕಾನೂನು ತಂದು ಇಂಥ ಸೂಲಗಿತ್ತಿಯರ ಪರವಾನಗಿ ಪದ್ಧತಿಯನ್ನೇ ಕೊನೆಗಾಣಿಸಿತು. ಸ್ಮಿತ್ 1996ರಲ್ಲಿ ತಮ್ಮ ಅನುಭವವನ್ನು ಪುಸ್ತಕವಾಗಿ ಹೇಳಿಕೊಂಡು, 2004ರಲ್ಲಿ ತೀರಿಕೊಂಡರು.

ಆಸ್ಪತ್ರೆ ಹೆರಿಗೆ ಒಳ್ಳೆಯದೇ. ರಕ್ತಸ್ರಾವವಾದರೆ ರಕ್ತ ಕೊಡುವ, ಮಗು ಅಡ್ಡವಾದರೆ ಶಸ್ತ್ರಚಿಕಿತ್ಸೆ ಮಾಡುವ ಅನುಕೂಲ ಮನೆಯಲ್ಲಿ ಎಲ್ಲಿ? ಆದರೆ ಸೂಲಗಿತ್ತಿಯನ್ನು ಬಿಡಿಸಿದ ಮೇಲೆ ಆಸ್ಪತ್ರೆಯಾದರೂ ಹತ್ತಿರವಿರಬೇಕಲ್ಲವೆ? ಅಲಬಾಮಾದ ಹಲವು ಗ್ರಾಮೀಣ ಕೌಂಟಿಗಳಲ್ಲಿ ಹೆರಿಗೆ ವಿಭಾಗಗಳು ಒಂದೊಂದಾಗಿ ಮುಚ್ಚಿದವು. ನೋವು ಕಾಣಿಸಿಕೊಂಡ ಮೇಲೆ ಗಂಟೆಗಟ್ಟಲೆ ಕಾರಿನಲ್ಲಿ ಹೋಗಬೇಕಾದ ಹೆಂಗಸರಿದ್ದಾರೆ. ಸೂಲಗಿತ್ತಿಯ ಕೈ ಮಾತ್ರವಲ್ಲ, ಹೆರಿಗೆಯ ಮುಂಚೆ ಹಾಗೂ ನಂತರ ಮನೆಗೆ ಬಂದು ‘ಹೇಗಿದ್ದೀಯ ಮಗಳೇ’ ಎಂದು ಕೇಳುವ ಬಾಯಿಯೂ ಇಲ್ಲದಂತಾಯಿತು.

ಇಂದಿನ ಕೂಟ

ಆ ಕೊರತೆಯನ್ನು ತುಂಬಲು ಹುಟ್ಟಿಕೊಂಡದ್ದೇ ಇಂದಿನ ಕೂಟಗಳು. ಅಲಬಾಮಾದಲ್ಲಿ ಮಾತ್ರವಲ್ಲ, ಕಪ್ಪು ಜನರಿರುವ ಅಮೆರಿಕದ ಹಲವು ಊರುಗಳಲ್ಲಿ ಇವು ನಡೆಯುತ್ತವೆ. ಸಾಮಾನ್ಯವಾಗಿ ಶನಿವಾರ, ಜಾಗ ಚರ್ಚಿನ ಸಭಾಂಗಣ, ಗ್ರಂಥಾಲಯ ಅಥವಾ ಉದ್ಯಾನ. ‘ಕಮ್ಯುನಿಟಿ ಬೇಬಿ ಶವರ್’ ಎಂದು ಅದಕ್ಕೆ ಹೆಸರು. ಒಬ್ಬಳಿಗಲ್ಲದೆ ಊರಿನ ಬಸುರಿಯರಿಗೆಲ್ಲ ಒಟ್ಟಿಗೆ ಮಾಡುವ ಸೀಮಂತ ಎನ್ನಬಹುದು. ನಮ್ಮ ಅಂಗನವಾಡಿಗಳಲ್ಲಿ ಬಸುರಿಯರನ್ನು ಸಾಲಾಗಿ ಕೂರಿಸಿ ಉಡಿ ತುಂಬುವ ಸಾಮೂಹಿಕ ಸೀಮಂತದ ಹಾಗೆ.

ಅಲ್ಲಿ ಉಡಿಗೆ ಬೀಳುವುದು ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣವಲ್ಲ. ಡೈಪರಿನ ಕಟ್ಟು, ಮಗುವಿನ ಅಂಗಿ, ಕಾರಿನಲ್ಲಿ ಮಗುವನ್ನು ಕಟ್ಟಿ ಕೂರಿಸುವ ಸೀಟು. ಅಮೆರಿಕದಲ್ಲಿ ಬಡ ತಾಯಂದಿರಿಗೆ ಹಾಲು, ಆಹಾರ ಕೊಡುವ ಸರಕಾರಿ ಯೋಜನೆಗಳಿವೆ. ಆದರೆ ಆ ಹಣದಲ್ಲಿ ಡೈಪರ್ ಕೊಳ್ಳಲು ಬರುವುದಿಲ್ಲ. ಡೈಪರ್ ತಾರದಿದ್ದರೆ ಎಷ್ಟೋ ಶಿಶುವಿಹಾರಗಳು ಮಗುವನ್ನು ಸೇರಿಸಿಕೊಳ್ಳುವುದಿಲ್ಲ. ಮಗುವನ್ನು ಬಿಡುವ ಜಾಗವಿಲ್ಲದಿದ್ದರೆ ತಾಯಿ ಕೆಲಸಕ್ಕೆ ಹೋಗುವಂತಿಲ್ಲ. ಹೆರಿಗೆಗೆ ಸಂಬಳ ಸಹಿತ ರಜೆ ಕೊಡಲೇಬೇಕೆಂಬ ರಾಷ್ಟ್ರೀಯ ಕಾನೂನು ಆ ದೇಶದಲ್ಲಿಲ್ಲ. 1993ರ ಕಾನೂನು ಹನ್ನೆರಡು ವಾರಗಳ ರಜೆ ಕೊಟ್ಟರೂ ಅದಕ್ಕೆ ಸಂಬಳವಿಲ್ಲ. ಅದೂ ಎಲ್ಲರಿಗೂ ಅನ್ವಯಿಸದು. ಹೀಗಾಗಿ ಒಂದು ಡೈಪರಿನ ಕಟ್ಟು ಸಣ್ಣ ವಸ್ತುವಲ್ಲ.

ಸಭಾಂಗಣದ ಒಂದು ಮೂಲೆಯಲ್ಲಿ ನರ್ಸು ರಕ್ತದೊತ್ತಡ ನೋಡುತ್ತಿರುತ್ತಾರೆ. ಇನ್ನೊಂದು ಕಡೆ ಮಗುವನ್ನು ಅಂಗಾತ ಮಲಗಿಸಬೇಕು, ಪಕ್ಕದಲ್ಲಿ ದಿಂಬು, ದಪ್ಪ ಹೊದಿಕೆ ಇಡಬಾರದು ಎಂದು ಗೊಂಬೆಯನ್ನಿಟ್ಟು ತೋರಿಸುತ್ತಾರೆ. ಮತ್ತೊಂದೆಡೆ ಎದೆಹಾಲು ಕುಡಿಸಿದ ಅನುಭವವಿರುವ ತಾಯಂದಿರು ಹೊಸ ತಾಯಂದಿರ ಅಳುಕು ಬಿಡಿಸುತ್ತಾರೆ. ಗುಲಾಮಗಿರಿಯ ಕಾಲದಲ್ಲಿ ಕಪ್ಪು ಹೆಂಗಸರು ಒಡತಿಯ ಮಗುವಿಗೆ ಹಾಲೂಡಿಸಿ ತಮ್ಮ ಮಗುವನ್ನು ಹಸಿವಿಗೆ ಬಿಡಬೇಕಾದ ಸಂದರ್ಭಗಳಿದ್ದವು. ಆ ನೋವಿನ ನೆನಪೂ ಸೇರಿ ಅವರಲ್ಲಿ ಎದೆಹಾಲು ಕುಡಿಸುವ ರೂಢಿ ಕಡಿಮೆಯಾಗಿತ್ತು. ಅದಕ್ಕಾಗಿಯೇ 2013ರಿಂದ ಆಗಸ್ಟ್ ಕೊನೆಯ ವಾರವನ್ನು ‘ಕಪ್ಪು ತಾಯಂದಿರ ಸ್ತನ್ಯಪಾನ ಸಪ್ತಾಹ’ವಾಗಿ ಆಚರಿಸಲಾಗುತ್ತಿದೆ. ಗಂಡಂದಿರಿಗೆ ಬೇರೆ ಗುಂಪು, ಅಜ್ಜಿಯರಿಗೆ ಕುರ್ಚಿ, ಪುಟ್ಟ ಮಕ್ಕಳಿಗೆ ಚಿತ್ರದ ಪುಸ್ತಕ, ಎಲ್ಲರಿಗೂ ಊಟ.

ಡೂಲಾ ಎಂಬ ಸಹಾಯಕಿಯರ ಪರಿಚಯವೂ ಇಂಥಲ್ಲೇ ಆಗುತ್ತದೆ. ಡೂಲಾ ವೈದ್ಯೆಯಲ್ಲ, ನರ್ಸೂ ಅಲ್ಲ. ನೋವು ಆರಂಭವಾದಾಗಿನಿಂದ ಮಗು ಹುಟ್ಟುವವರೆಗೆ ಪಕ್ಕದಲ್ಲೇ ಇದ್ದು ಬೆನ್ನು ನೀವುವ, ಧೈರ್ಯ ಹೇಳುವ, ವೈದ್ಯರ ಮಾತನ್ನು ತಾಯಿಗೂ ತಾಯಿಯ ಮಾತನ್ನು ವೈದ್ಯರಿಗೂ ಮುಟ್ಟಿಸುವ ಜೊತೆಗಾತಿ. ಇದು ಬರೀ ಸಮಾಧಾನದ ಮಾತಲ್ಲ. ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರು ಪಾಲ್ಗೊಂಡ 26 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2017ರ ವರದಿಯೊಂದು, ಹೀಗೆ ಎಡೆಬಿಡದೆ ಜೊತೆಗಿರುವವರಿದ್ದರೆ ನೋವಿನ ಅವಧಿ ಕಡಿಮೆಯಾಗುತ್ತದೆ, ಸಿಸೇರಿಯನ್ನಿನ ಸಂಭವವೂ ಇಳಿಯುತ್ತದೆ ಎಂದು ಕಂಡುಕೊಂಡಿದೆ.

ಅಂಕಿಗಳ ಹಿಂದೆ

ಇಷ್ಟೆಲ್ಲ ಏಕೆ ಬೇಕು? ಉತ್ತರ ಅಂಕಿ ಅಂಶಗಳಲ್ಲಿದೆ. ಅಮೆರಿಕದ ಸರಕಾರಿ ಲೆಕ್ಕದಂತೆ 2021ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 69.9 ಕಪ್ಪು ತಾಯಂದಿರು ಸತ್ತರು. ಬಿಳಿಯರಲ್ಲಿ ಈ ಸಂಖ್ಯೆ 26.6. ಅದು ಕೋವಿಡ್‌ನ ವರ್ಷ. ಕೋವಿಡ್ ಇಳಿದ ಮೇಲೆ, 2023ರಲ್ಲಿ, ಕಪ್ಪು ತಾಯಂದಿರಲ್ಲಿ 50.3, ಬಿಳಿಯರಲ್ಲಿ 14.5. ಸಾವು ಕಡಿಮೆಯಾಯಿತು, ಅಂತರ ಮಾತ್ರ ಮೂರು ಪಟ್ಟನ್ನೂ ಮೀರಿತು. ಹೋಲಿಕೆಗೆ ಹೇಳುವುದಾದರೆ, 2018–20ರ ಅವಧಿಯಲ್ಲಿ ಕರ್ನಾಟಕದ ತಾಯಂದಿರ ಮರಣ ಪ್ರಮಾಣ 69. ಎಣಿಸುವ ಕ್ರಮದಲ್ಲಿ ವ್ಯತ್ಯಾಸವಿದ್ದರೂ, ಜಗತ್ತಿನ ಅತಿ ಶ್ರೀಮಂತ ದೇಶದಲ್ಲಿ ಇಂಥ ಸಂಖ್ಯೆಯೇ ಎಂದು ಯಾರಾದರೂ ಹುಬ್ಬೇರಿಸಬೇಕು.

ಬಡತನವೇ ಕಾರಣವೆಂದು ಕೆಲವರು ಹೇಳಬಹುದು. ಅದು ಅರ್ಧ ಸತ್ಯ. 2019ರಲ್ಲಿ ಪ್ರಕಟವಾದ ಸರಕಾರಿ ವಿಶ್ಲೇಷಣೆಯೊಂದರಲ್ಲಿ, ಕಾಲೇಜು ಪದವಿ ಪಡೆದ ಕಪ್ಪು ಹೆಂಗಸರ ಸಾವಿನ ಪ್ರಮಾಣ ಅಷ್ಟೇ ಓದಿದ ಬಿಳಿಯ ಹೆಂಗಸರಿಗಿಂತ ಐದು ಪಟ್ಟು ಹೆಚ್ಚಿತ್ತು. ಪ್ರೌಢಶಾಲೆ ಮುಗಿಸದ ಬಿಳಿಯ ಹೆಂಗಸರಿಗಿಂತಲೂ ಹೆಚ್ಚಿತ್ತು! ವಿದ್ಯೆ ಕೂಡ ಅವರನ್ನು ಪೂರ್ತಿಯಾಗಿ ಕಾಯುತ್ತಿಲ್ಲ.

ಹಾಗಾದರೆ ಕಾರಣವೇನು? ವರ್ಜೀನಿಯಾದ ವಿಶ್ವವಿದ್ಯಾಲಯವೊಂದರಲ್ಲಿ 2016ರಲ್ಲಿ ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ವೈದ್ಯರನ್ನೂ ಪ್ರಶ್ನಿಸಿದಾಗ, ಅವರಲ್ಲಿ ಅರ್ಧದಷ್ಟು ಜನ ‘ಕಪ್ಪು ಜನರ ಚರ್ಮ ದಪ್ಪ’ ಎಂಬಂಥ ತಪ್ಪು ನಂಬಿಕೆಗಳಲ್ಲಿ ಒಂದನ್ನಾದರೂ ಒಪ್ಪಿಕೊಂಡರು. ಸಿಮ್ಸ್‌ನ ಕಾಲದ ನಂಬಿಕೆ ಇನ್ನೂ ಸತ್ತಿಲ್ಲ! ಉಪಕರಣಗಳೂ ತಪ್ಪುವುದುಂಟು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಚರ್ಮದ ಮೂಲಕ ಬೆಳಕು ಹಾಯಿಸಿ ಲೆಕ್ಕ ಹಾಕುತ್ತದೆ. ಕಪ್ಪು ಚರ್ಮದಲ್ಲಿ ಅದು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ಆಮ್ಲಜನಕ ತೋರಿಸಿಬಿಡುತ್ತದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಎತ್ತಿ ತೋರಿಸಿತು.

ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ ಅವರ ಕಥೆ ಎಲ್ಲರಿಗೂ ಕಣ್ತೆರೆಸುವಂಥದು. 2017ರ ಸೆಪ್ಟೆಂಬರ್‌ನಲ್ಲಿ ಮಗಳು ಹುಟ್ಟಿದ ಮರುದಿನ ಅವರಿಗೆ ಉಸಿರು ಕಟ್ಟಿದಂತಾಯಿತು. ಮೊದಲೇ ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಾದ್ದರಿಂದ ಏನಾಗುತ್ತಿದೆಯೆಂದು ಅವರಿಗೆ ಗೊತ್ತಾಗಿತ್ತು. ಶ್ವಾಸಕೋಶದ ಸ್ಕ್ಯಾನ್ ಮಾಡಿ ಎಂದರು. ನೋವಿನ ಔಷಧಿಯ ಮಂಪರಿನಲ್ಲಿ ಏನೋ ಹೇಳುತ್ತಿದ್ದಾರೆಂದು ನರ್ಸು ಭಾವಿಸಿದರಂತೆ. ಪಟ್ಟು ಹಿಡಿದ ಮೇಲೆ ಸ್ಕ್ಯಾನ್ ಆಯಿತು, ಶ್ವಾಸಕೋಶದಲ್ಲಿ ಹೆಪ್ಪುಗಳಿದ್ದವು. ಅವರು ಬದುಕಿದರು. ಜಗತ್ತಿಗೆಲ್ಲ ಗೊತ್ತಿರುವ ಹೆಣ್ಣುಮಗಳ ಮಾತಿಗೇ ಈ ಗತಿಯಾದರೆ, ಹತ್ತಿ ಹೊಲದ ಹಳ್ಳಿಯಿಂದ ಒಬ್ಬಂಟಿಯಾಗಿ ಬಂದ ಹುಡುಗಿಯ ಮಾತನ್ನು ಕೇಳುವವರು ಯಾರು?

ಆ ದೇಶದಲ್ಲಿ ಬಸಿರು, ಬಾಣಂತನಕ್ಕೆ ಸಂಬಂಧಿಸಿದ ಸಾವುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚನ್ನು ತಡೆಯಬಹುದಿತ್ತು ಎಂದು ಅಲ್ಲಿನ ಪರಿಶೀಲನಾ ಸಮಿತಿಗಳೇ ಹೇಳಿವೆ. ಅರ್ಧಕ್ಕೂ ಹೆಚ್ಚು ಸಾವು ಸಂಭವಿಸುವುದು ಹೆರಿಗೆಯಾಗಿ ಒಂದು ವಾರದ ನಂತರ, ವರ್ಷದೊಳಗೆ. ಅಂದರೆ ಬಹುಮಟ್ಟಿಗೆ ತಾಯಿ ಆಸ್ಪತ್ರೆ ಬಿಟ್ಟು ಮನೆಗೆ ಬಂದ ಮೇಲೆ. ಕೂಟಗಳ ಮಹತ್ವ ಇರುವುದು ಇಲ್ಲಿಯೇ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಕೈ ಮುಖ ಊದುವುದು, ಏದುಸಿರು, ಎದೆನೋವು, ಜ್ವರ, ವಿಪರೀತ ರಕ್ತಸ್ರಾವ, ಒಂದು ಕಾಲಿನಲ್ಲಿ ಮಾತ್ರ ನೋವು ಅಥವಾ ಬಾವು, ಬದುಕೇ ಬೇಡವೆನಿಸುವ ದುಃಖ ಇವು ಯಾವುದೂ ‘ಬಾಣಂತಿಗೆ ಇದ್ದದ್ದೇ’ ಎಂದು ಬಿಡುವಂಥವಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು ಎಂಬ ಪಾಠವನ್ನು ಅಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ಈ ಪಾಠಕ್ಕೆ ದೇಶ, ಬಣ್ಣಗಳ ಭೇದವಿಲ್ಲ. ಪ್ರತಿ ಮನೆಯ ಗಂಡ, ಅತ್ತೆ, ತಾಯಿ ಇದನ್ನು ತಿಳಿದಿರಬೇಕು.

ಏಪ್ರಿಲ್ 11

ಅಮೆರಿಕದಲ್ಲಿ 2018ರಿಂದ ಪ್ರತಿ ವರ್ಷ ಏಪ್ರಿಲ್ 11ರಿಂದ 17ರವರೆಗೆ ‘ಕಪ್ಪು ತಾಯಂದಿರ ಆರೋಗ್ಯ ಸಪ್ತಾಹ’ ನಡೆಯುತ್ತದೆ. ಬುಕರ್ ವಾಷಿಂಗ್ಟನ್ನರ ಆರೋಗ್ಯ ಸಪ್ತಾಹ ನಡೆಯುತ್ತಿದ್ದುದೂ ಏಪ್ರಿಲ್‌ನಲ್ಲಿಯೇ. ಏಪ್ರಿಲ್ 11 ಕಸ್ತೂರಬಾ ಗಾಂಧಿಯವರ ಜನ್ಮದಿನ. ಭಾರತದಲ್ಲಿ ಅದು 2003ರಿಂದ ರಾಷ್ಟ್ರೀಯ ಸುರಕ್ಷಿತ ಮಾತೃತ್ವ ದಿನ. ಭೂಮಿಯ ಎರಡು ಬದಿಗಳಲ್ಲಿ ಒಂದೇ ದಿನ ಒಂದೇ ಪ್ರಾರ್ಥನೆ ನಡೆಯುತ್ತದೆ ಎನ್ನಬಹುದು: ಜೀವ ಕೊಡುವವಳು ಜೀವ ಕಳೆದುಕೊಳ್ಳದಿರಲಿ.

ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಓದುವ ವೈದ್ಯ ವಿದ್ಯಾರ್ಥಿ ಇಂದಿಗೂ ಸ್ತ್ರೀರೋಗ ವಿಭಾಗದಲ್ಲಿ ‘ಸಿಮ್ಸ್’ ಹೆಸರಿನ ಉಪಕರಣವನ್ನು ಕೈಯಲ್ಲಿ ಹಿಡಿಯುತ್ತಾನೆ. ಹೆಸರು ಬದಲಾಯಿಸುವುದು ಬಿಡುವುದು ದೊಡ್ಡವರ ಕೆಲಸ. ಆದರೆ ಅದನ್ನು ಹಿಡಿಯುವಾಗ ಅನಾರ್ಕಾ, ಲೂಸಿ, ಬೆಟ್ಸಿ ಎಂಬ ಮೂರು ಹೆಸರುಗಳನ್ನೂ ನೆನೆದರೆ, ಮುಂದೆ ತನ್ನೆದುರು ಮಲಗಿದ ಯಾವ ತಾಯಿಯ ಮಾತನ್ನೂ ಅವನು ಅರ್ಧಕ್ಕೆ ತಡೆಯಲಾರ.

ಟಸ್ಕೀಗಿಯ ಅಂಗಡಿಯ ಮಹಡಿಯಲ್ಲಿ ಅಂದು ಸೇರಿದ ಆರು ಜನ ಹೆಂಗಸರ ಹೆಸರುಗಳು ಹೊರಗಿನವರಿಗೆ ಗೊತ್ತಿಲ್ಲ. ಅವರಿಗೆ ಅಲ್ಲಿ ಸಿಕ್ಕ ಔಷಧಿ ಬಹುಶಃ ಹೆಚ್ಚೇನಿಲ್ಲ. ಕೂರಲು ಜಾಗ ಸಿಕ್ಕಿತು, ಕಷ್ಟ ಕೇಳುವವರು ಸಿಕ್ಕರು. ಮುಂದಿನ ಶನಿವಾರ ಅವರು ಪಕ್ಕದ ಮನೆಯವಳನ್ನೂ ಕರೆದುಕೊಂಡು ಬಂದರು.